ನಮ್ಮ ಬಡಾವಣೆಯ ಜನರನ್ನು ದಾಖಲಿಸುವ ಬಗೆ

ಬೆಂಗಳೂರಿನ ಬಡಾವಣೆಯೊಂದರ ಜನಜೀವನ ಹೇಗೆ ಬದಲಾಗಿದೆ ಎಂದು ಬರೆದಿಡಲು ಹೊರಟವರು ಮೊದಲು ಜನಗಣತಿಯ ಮಾತೃಭಾಷಾ ಕೋಷ್ಟಕವಾದ ಸಿ-16 ಅನ್ನು ಓದಬೇಕು. 2001ರಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 96 ಲಕ್ಷ ದಾಟಿತು. ಅವರಲ್ಲಿ ಕನ್ನಡ ಮಾತೃಭಾಷೆಯವರೇ ಅತಿ ದೊಡ್ಡ ಗುಂಪಾದರೂ ಅರ್ಧಕ್ಕಿಂತ ಕಡಿಮೆ.

ಈ ಕೋಷ್ಟಕವನ್ನು ಎಚ್ಚರದಿಂದ ಓದಬೇಕು. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ ಎಂಬುದು ಜನಗಣತಿಯ ವ್ಯಾಖ್ಯೆ. ಹಾಗಾಗಿ ಮನೆಯಲ್ಲಿ ತೆಲುಗು ಆಡುತ್ತ, ಮೂರು ತಲೆಮಾರಿನಿಂದ ಕನ್ನಡದಲ್ಲೇ ಓದಿ ಬರೆದು ವ್ಯವಹರಿಸುವ ಕುಟುಂಬವೂ ಅಲ್ಲಿ ತೆಲುಗಿನ ಲೆಕ್ಕಕ್ಕೇ ಸೇರುತ್ತದೆ. ಹಿಂದಿಯ ಒಟ್ಟು ಸಂಖ್ಯೆಯೊಳಗೆ ಭೋಜಪುರಿಯೂ ಮಾರವಾಡಿಯೂ ಅಡಗಿರುವುದರಿಂದ, ಚಿಕ್ಕಪೇಟೆಯ ಹಳೆಯ ಬಟ್ಟೆ ವ್ಯಾಪಾರಿಯೂ ನಿನ್ನೆ ಮೊನ್ನೆ ಬಂದ ಗಾರೆ ಕೆಲಸದವನೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಆದ್ದರಿಂದ ಉಪಭಾಷೆಗಳ ಸಾಲುಗಳನ್ನು ತಪ್ಪದೆ ನೋಡಿ.

ಬಡಾವಣೆವಾರು ವಿವರ ಈ ಕೋಷ್ಟಕದಲ್ಲಿ ಸಿಗುವುದಿಲ್ಲ. ಅದಕ್ಕೆ ನಡೆದೇ ಹೋಗಬೇಕು. ಅಂಗಡಿ ಫಲಕಗಳನ್ನು ನಂಬಬೇಡಿ, ಏಕೆಂದರೆ 2024ರ ತಿದ್ದುಪಡಿಯಂತೆ ಫಲಕದ ಶೇ. 60 ಭಾಗ ಕನ್ನಡದಲ್ಲೇ ಇರಬೇಕು. ಒಳಗಿನ ಸರಕನ್ನು ನೋಡಿ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕಡಲೆಕಾಯಿ ಎಣ್ಣೆಯ ಪಕ್ಕದಲ್ಲಿ ಉತ್ತರ, ಪೂರ್ವ ಭಾರತದವರು ಅಡುಗೆಗೆ ಬಳಸುವ ಸಾಸಿವೆ ಎಣ್ಣೆಯ ಸೀಸೆಗಳನ್ನು ಕಂಡು, ಎಂದಿನಿಂದ ತರಿಸುತ್ತಿದ್ದೀರಿ ಎಂದು ಕೇಳಿದೆ. "ಎದುರಿನ ಅಪಾರ್ಟ್‌ಮೆಂಟ್ ಕಟ್ಟೋಕೆ ಶುರುವಾದಾಗಿಂದ ಸ್ವಾಮಿ, ಕೆಲಸದವರು ಕೇಳ್ತಿದ್ರು. ಈಗ ಮನೆಯವರೂ ಕೇಳ್ತಾರೆ" ಎಂದರು ಅಂಗಡಿಯವರು. ಯಾರು ಬಂದರು, ಯಾವ ಕೆಲಸಕ್ಕೆ ಬಂದರು, ಯಾರು ಉಳಿದರು ಎಂಬುದಕ್ಕೆ ಈ ಒಂದು ಮಾತಿನಲ್ಲೇ ಸುಳಿವಿತ್ತು.

ಹಳೆಯ ಪದರಗಳನ್ನೂ ಬಿಡಬಾರದು. 1809ರಲ್ಲಿ ಸ್ಥಾಪನೆಯಾದ ಬ್ರಿಟಿಷರ ದಂಡು ಪ್ರದೇಶ (ಕಂಟೋನ್ಮೆಂಟ್) ಮತ್ತು ಕೆಂಪೇಗೌಡರ ಪೇಟೆ 1949ರವರೆಗೆ ಬೇರೆ ಬೇರೆ ಆಡಳಿತದಲ್ಲಿದ್ದವು. ದಂಡು ಪ್ರದೇಶಕ್ಕೆ ಸೇರಿದ್ದ ಹಲಸೂರು, ಶಿವಾಜಿನಗರಗಳಲ್ಲಿ ಇಂದಿಗೂ ದಟ್ಟವಾಗಿ ಕೇಳುವ ತಮಿಳು, ಉರ್ದುಗಳನ್ನು ಈ ಹಿನ್ನೆಲೆಯಿಲ್ಲದೆ ವಿವರಿಸಲಾಗದು. ಚೈತ್ರ ಹುಣ್ಣಿಮೆಯ ರಾತ್ರಿ, ತಿಗಳ ಸಮುದಾಯದವರು ಹೊರುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವಾಗ ಅಲ್ಲಿ ನಿಂತು ನೋಡಿದರೆ, ಯಾವ ಕೋಷ್ಟಕದ ಸಾಲಿಗೂ ಸೇರದ ಬಾಂಧವ್ಯ ಕಾಣುತ್ತದೆ.

ಹೆಸರು, ಉಡುಪು ನೋಡಿ ಯಾರ ಮನೆಮಾತನ್ನೂ ಊಹಿಸಬೇಡಿ, ಕೇಳಿ. ಮನೆಯಲ್ಲಿ ಯಾವುದು, ಬೀದಿಯಲ್ಲಿ ಯಾವುದು, ಮಕ್ಕಳೊಂದಿಗೆ ಯಾವುದು ಎಂದು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ, ಉತ್ತರದ ಪಕ್ಕದಲ್ಲಿ ದಿನಾಂಕವನ್ನು ತಪ್ಪದೆ ಬರೆಯಿರಿ. ಹೇಳಲು ಒಪ್ಪದವರ ಕಾಲಂ ಖಾಲಿ ಇರಲಿ.