ಪಾರ್ಚ್‌ಮೆಂಟ್ ಲೆಕ್ಕ, ಚೆರಿ ಲೆಕ್ಕ: ಜಾವಾದಲ್ಲಿ ಮೆಥಡ್ ಓವರ್‌ರೈಡ್ ಮಾಡುವ ಕ್ರಮ

ಚಿಕ್ಕಮಗಳೂರಿನ ಕಾಫಿ ವ್ಯಾಪಾರದಲ್ಲಿ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿಗೆ) 50 ಕೆ.ಜಿ. ಮೂಟೆಯ ಲೆಕ್ಕದಲ್ಲಿ ದರ ಕಟ್ಟಿದರೆ, ರೊಬಸ್ಟಾ ಚೆರಿಗೆ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿಗೆ) ಔಟ್‌ಟರ್ನ್ ನೋಡಿ ಕಟ್ಟುವ ವಾಡಿಕೆಯಿದೆ. ಅಂದರೆ ಒಂದು ಮೂಟೆ ಚೆರಿಯಿಂದ ದೊರೆಯುವ ಬೀಜದ ತೂಕವನ್ನು (ಇದೇ ಔಟ್‌ಟರ್ನ್; ಕೆ.ಜಿ.ಗೆ ಒಂದು ಪಾಯಿಂಟ್) ಪಾಯಿಂಟಿನ ದರದಿಂದ ಗುಣಿಸುತ್ತಾರೆ. ಔಟ್‌ಟರ್ನ್ 26 ಬಂದು, ಪಾಯಿಂಟಿಗೆ 200 ರೂಪಾಯಿ ಇದ್ದರೆ ಮೂಟೆಗೆ 5,200 ರೂಪಾಯಿ. ‘ಬೆಲೆ ಎಷ್ಟು?’ ಎಂಬ ಪ್ರಶ್ನೆ ಒಂದೇ ಆದರೂ ಲೆಕ್ಕ ಹಾಕುವ ಬಗೆ ಸರಕಿನೊಂದಿಗೆ ಬದಲಾಗುತ್ತದೆ. ಪ್ರೋಗ್ರಾಮಿಂಗಿನಲ್ಲಿ ಪಾಲಿಮಾರ್ಫಿಸಂ, ಅಂದರೆ ಬಹುರೂಪತೆ, ಎನ್ನುವುದು ಇದನ್ನೇ. ಜಾವಾ ಭಾಷೆಯಲ್ಲಿ ಇದಕ್ಕೆ ದಾರಿ ಓವರ್‌ರೈಡಿಂಗ್: ಒಂದು ಕ್ಲಾಸಿನ (ಆಬ್ಜೆಕ್ಟ್‌ಗಳ ಅಚ್ಚಿನ) ಮೆಥಡನ್ನು, ಅಂದರೆ ಕೆಲಸ ಮಾಡುವ ತುಣುಕನ್ನು, ಅದರ ಉಪಕ್ಲಾಸಿನಲ್ಲಿ ಹೊಸದಾಗಿ ಬರೆಯುವುದು.

ಮೊದಲು ‘ಕಾಫಿ’ ಎಂಬ ಕ್ಲಾಸ್ ಬರೆದು, ಮೂಟೆಗಳ ಸಂಖ್ಯೆಯನ್ನು ‘ಡಬಲ್’ (ದಶಮಾಂಶ ಸಂಖ್ಯೆಯ ಟೈಪ್) ಆಗಿ ಪಡೆದು ಮೂಟೆದರದಿಂದ ಗುಣಿಸುವ ‘ಬೆಲೆ’ ಮೆಥಡನ್ನು ಅದರಲ್ಲಿಡಿ. (ಜಾವಾ ಯೂನಿಕೋಡ್ ಹೆಸರುಗಳನ್ನು ಒಪ್ಪುವುದರಿಂದ ಇವನ್ನು ಕನ್ನಡದಲ್ಲಿಯೇ ಬರೆಯಬಹುದು.) ಬಳಿಕ ‘ಚೆರಿ’ ಕ್ಲಾಸ್ ಅದನ್ನು ಎಕ್ಸ್‌ಟೆಂಡ್ ಮಾಡಲಿ (ಅದರ ಉಪಕ್ಲಾಸ್ ಆಗಲಿ), ಅದೇ ಹೆಸರಿನ, ಅದೇ ಪ್ಯಾರಾಮೀಟರಿನ (ಮೆಥಡ್ ಪಡೆಯುವ ಮೌಲ್ಯದ) ಮೆಥಡ್ ಬರೆದು ಔಟ್‌ಟರ್ನ್ ಲೆಕ್ಕವನ್ನು ಒಳಗಿಡಿ. ಈಗ ‘ಕಾಫಿ’ ಟೈಪಿನ ಪಟ್ಟಿಯಲ್ಲಿ ಎರಡೂ ಬಗೆಯ ಆಬ್ಜೆಕ್ಟ್‌ಗಳನ್ನು ತುಂಬಿ, ಲೂಪಿನಲ್ಲಿ ‘ಬೆಲೆ’ಯನ್ನು ಕರೆದರೆ ಸಾಕು. ವೇರಿಯಬಲ್ಲಿನ ಟೈಪ್ ಯಾವುದೇ ಇರಲಿ, ಆಬ್ಜೆಕ್ಟ್ ನಿಜವಾಗಿ ಯಾವ ಕ್ಲಾಸಿನದೋ ಆ ಕ್ಲಾಸಿನ ಮೆಥಡನ್ನು ಜಾವಾ ರನ್‌ಟೈಮಿನಲ್ಲಿ ಆರಿಸುತ್ತದೆ. ನಾಳೆ ಮತ್ತೊಂದು ಬಗೆಯ ಸರಕು ಸೇರಿದರೂ ಲೂಪಿಗೆ ಕೈ ಹಚ್ಚಬೇಕಾಗಿಲ್ಲ; ಇಫ್-ಎಲ್ಸ್ ಸಾಲುಗಳನ್ನು ಬೆಳೆಸಿಕೊಂಡು ಹೋದವರಿಗೆ ಈ ಅನುಕೂಲದ ಬೆಲೆ ತಿಳಿದಿರುತ್ತದೆ.

ಎಡವುವುದು ಪ್ಯಾರಾಮೀಟರಿನಲ್ಲಿ. ನಾನು ಒಮ್ಮೆ ‘ಚೆರಿ’ಯಲ್ಲಿ ಡಬಲ್ ಬದಲು ಇಂಟ್ (ಪೂರ್ಣಾಂಕದ ಟೈಪ್) ಎಂದು ಬರೆದಿದ್ದೆ. ಕಂಪೈಲರ್ ತಕರಾರು ತೆಗೆಯಲಿಲ್ಲ, ಏಕೆಂದರೆ ಅದು ಓವರ್‌ರೈಡಿಂಗ್ ಆಗದೆ ಓವರ್‌ಲೋಡಿಂಗ್, ಅಂದರೆ ಅದೇ ಹೆಸರಿನ ಆದರೆ ಬೇರೆ ಪ್ಯಾರಾಮೀಟರಿನ ಇನ್ನೊಂದು ಮೆಥಡ್, ಆಗಿತ್ತು. ‘ಕಾಫಿ’ ಟೈಪಿನ ವೇರಿಯಬಲ್ ಮೂಲಕ ಕರೆದಾಗ ಮೂಲ ಕ್ಲಾಸಿನ ಲೆಕ್ಕವೇ ನಡೆದು, ಚೆರಿಗೆ ಮೂಟೆದರ ತುಂಬಿರದ ಕಾರಣ ಚೀಟಿಯಲ್ಲಿ ಸೊನ್ನೆ ಬಂತು. ಸೊನ್ನೆ ಬಂದದ್ದೇ ಪುಣ್ಯ. ಯಾವುದೋ ಹಳೆಯ ದರ ಅಲ್ಲಿದ್ದಿದ್ದರೆ ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಆದ್ದರಿಂದ ಮೆಥಡಿನ ಮೇಲಿನ ಸಾಲಿನಲ್ಲಿ ‘@ಓವರ್‌ರೈಡ್’ ಎಂಬ ಗುರುತನ್ನು, ಇಂಗ್ಲಿಷ್ ಅಕ್ಷರಗಳಲ್ಲಿ, ತಪ್ಪದೆ ಬರೆಯಿರಿ. 2004ರ ಜಾವಾ 5ರಿಂದ ಇರುವ ಈ ಗುರುತು ಕಡ್ಡಾಯವಲ್ಲ, ಆದರೆ ಅದಿದ್ದರೆ ಇಂಥ ತಪ್ಪಿಗೆ ಕಂಪೈಲರ್ ಅಲ್ಲಿಯೇ ತಡೆಯೊಡ್ಡುತ್ತದೆ.

ಫೈನಲ್, ಸ್ಟ್ಯಾಟಿಕ್, ಪ್ರೈವೇಟ್ ಮೆಥಡ್‌ಗಳನ್ನು ಓವರ್‌ರೈಡ್ ಮಾಡಲಾಗದು. ಪಬ್ಲಿಕ್ ಮೆಥಡನ್ನು ಉಪಕ್ಲಾಸಿನಲ್ಲಿ ಪ್ರೊಟೆಕ್ಟೆಡ್ ಮಾಡಲೂ ಬಾರದು. ಸಿ++ ಬಳಸುವವರು ಮೂಲ ಕ್ಲಾಸಿನ ಮೆಥಡಿಗೆ ‘ವರ್ಚುವಲ್’ ಎಂದು ಸೇರಿಸದಿದ್ದರೆ, ಮೂಲ ಕ್ಲಾಸಿನ ಪಾಯಿಂಟರ್ ಮೂಲಕ ಕರೆದಾಗ ಚೆರಿಗೂ ಪಾರ್ಚ್‌ಮೆಂಟಿನ ಲೆಕ್ಕವೇ ಬರುತ್ತದೆ.