ಆಟೊಮೇಟಿಕ್ ಇಮೇಲ್ ಕಳಿಸ್ತೀರಾ? ಗಿರಾಕಿಗೆ ಮೊದಲೇ ಹೇಳಿಬಿಡಿ

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು. ಬಾಗಲಕೋಟೆ ಜಿಲ್ಲೆಯ ಈ ಮಾಲನ್ನು ಈಗ ವೆಬ್‌ಸೈಟ್ ಮಾಡಿಕೊಂಡು ಮಾರುವವರಿದ್ದಾರೆ. ಇಂಥ ಸೈಟುಗಳ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ: ‘ನಿಮ್ಮ ಇಮೇಲ್ ಕೊಡಿ, ನಮ್ಮ ಜೊತೆ ಇರಿ’. ಗಿರಾಕಿ ವಿಳಾಸ ಹಾಕಿದರೆ ಸಾಕು, ಮೇಲ್ ಶುರು. ಇವತ್ತೊಂದು, ನಾಳೆಯೊಂದು, ನಾಡಿದ್ದು ಎರಡು. ವಾರ ಕಳೆಯುವುದರೊಳಗೆ ಗಿರಾಕಿ ‘ಸ್ಪ್ಯಾಮ್’ ಅಂತ ಒತ್ತಿರುತ್ತಾರೆ.

ಮೇಲ್‌ಗಳು ಚೆನ್ನಾಗಿಯೇ ಇದ್ದಿರಬಹುದು. ಆದರೆ ಇಷ್ಟೊಂದು ಬರುತ್ತವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಾದರೆ ‘ಅಣ್ಣಾರ, ಹೊಸಾ ಮಾಲು ಬಂದ್ರ ಒಂದು ಫೋನ್ ಹಚ್ರಿ’ ಅಂತ ಗಿರಾಕಿಯೇ ಹೇಳಿ ಹೋಗುತ್ತಾರೆ. ಯಾವುದಕ್ಕೆ ಫೋನ್ ಮಾಡಬೇಕು, ಯಾವುದಕ್ಕೆ ಬೇಡ ಅನ್ನುವುದು ಇಬ್ಬರಿಗೂ ಗೊತ್ತು. ಇಮೇಲ್‌ನಲ್ಲಿ ಆ ಮಾತನ್ನು ನೀವೇ ಬರೆದಿಡಬೇಕು.

ಹಂತ 1: ಕಾಗದದ ಮೇಲೆ ಲೆಕ್ಕ ಹಾಕಿ

ಮೇಲ್ ಬರೆಯಲು ಕೂರುವ ಮೊದಲು ಒಂದು ಹಾಳೆ ತಗೊಳ್ಳಿ. ಒಟ್ಟು ಎಷ್ಟು ಮೇಲ್, ಎಷ್ಟು ದಿನಕ್ಕೊಂದು, ಯಾವ ವಿಷಯ, ಯಾವಾಗ ಮುಗಿಯುತ್ತದೆ ಅಂತ ಬರೆಯಿರಿ. ಇಳಕಲ್ ಸೀರೆ ಅಂಗಡಿಯದ್ದು ಹೀಗಿರಬಹುದು. ಹೆಸರು ಕೊಟ್ಟ ದಿನ ಸ್ವಾಗತದ ಮೇಲ್. 3ನೇ ದಿನ ತೋಪು ತೆನೆ ಸೆರಗಿನ ವಿಷಯ: ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುವುದು ಹೇಗೆ ಅಂತ. 6ನೇ ದಿನ ಹತ್ತಿ, ರೇಷ್ಮೆ, ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇವುಗಳ ವ್ಯತ್ಯಾಸ. 9ನೇ ದಿನ ಒಗೆಯುವುದು, ಮಡಚಿಡುವುದು. 12ನೇ ದಿನ ಸೀರೆಗಳ ಫೋಟೊ, ಬೆಲೆ. ಅಲ್ಲಿಗೆ ಮುಗಿಯಿತು. ಆಮೇಲೆ ತಿಂಗಳಿಗೊಂದು.

ಈ ಹಾಳೆಯೇ ನಿಮ್ಮ ಮಾತು. ಮುಂದೆ ಬರೆಯುವುದೆಲ್ಲ ಇದರ ಪ್ರಕಾರ ಇರಬೇಕು.

ಹಂತ 2: ಡಬ್ಬಿಯ ಪಕ್ಕದಲ್ಲೇ ಹೇಳಿ

‘ನಮ್ಮ ಜೊತೆ ಇರಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ಎರಡು ವಾರದಲ್ಲಿ 5 ಮೇಲ್ ಕಳಿಸುತ್ತೇವೆ. ಇಳಕಲ್ ಸೀರೆ ಗುರುತಿಸುವುದು, ಕೊಳ್ಳುವುದು, ಜೋಪಾನ ಮಾಡುವುದು ಇವುಗಳ ಬಗ್ಗೆ. ಆಮೇಲೆ ತಿಂಗಳಿಗೊಂದು, ಹೊಸ ಮಾಲಿನ ಸುದ್ದಿ. ಬೇಡ ಅನಿಸಿದ ದಿನ ನಿಲ್ಲಿಸಬಹುದು.’ ಉದ್ದ ಆಯಿತು ಅನಿಸುತ್ತದೆ, ಅಲ್ವಾ? ಕೆಲವರು ಓದಿ ವಿಳಾಸ ಕೊಡದೆ ಹೋಗಬಹುದು. ಹೋಗಲಿ ಬಿಡಿ. ಅವರು ಹೇಗಿದ್ದರೂ ಮೂರನೇ ಮೇಲ್‌ಗೆ ಸ್ಪ್ಯಾಮ್ ಒತ್ತುವವರೇ.

ರಿಯಾಯಿತಿ ಕೂಪನ್ ತೋರಿಸಿ ವಿಳಾಸ ಪಡೆಯುವವರು ಇನ್ನೂ ಹುಷಾರಾಗಿರಬೇಕು. ಗಿರಾಕಿ ಕೇಳಿದ್ದು ಕೂಪನ್ ಮಾತ್ರ. ಜೊತೆಗೆ ಮೇಲ್ ಸಹ ಬರುತ್ತವೆ ಅಂತ ಅದೇ ಸಾಲಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹೇಳಿ. ಒಪ್ಪಿಗೆಯ ಟಿಕ್ ಗುರುತನ್ನು ನೀವೇ ಮೊದಲೇ ಹಾಕಿಡಬೇಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳುತ್ತದೆ: ಒಪ್ಪಿಗೆ ಸ್ಪಷ್ಟವಾಗಿರಬೇಕು, ಯಾವುದಕ್ಕೆ ಅಂತ ಗೊತ್ತಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲೂ ಆಗಬೇಕು.

ಇಳಕಲ್ ಸೀರೆ ಮಹಾರಾಷ್ಟ್ರದಲ್ಲೂ ಉಡುತ್ತಾರೆ. ಹಾಗಾಗಿ ಕನ್ನಡವೋ ಮರಾಠಿಯೋ ಇಂಗ್ಲಿಷೋ ಅಂತ ಇಲ್ಲೇ ಕೇಳಿಬಿಡಿ. ಆದರೆ ಮೂರರಲ್ಲೂ ಬರೆಯಲು ಜನ ಇದ್ದರೆ ಮಾತ್ರ ಕೇಳಿ.

ಹಂತ 3: ಮೊದಲ ಮೇಲ್ ತಕ್ಷಣ ಹೋಗಲಿ

ನಾಳೆ ಅಂದರೆ ಮರೆತಿರುತ್ತಾರೆ. ಕಳಿಸಿದವರ ಹೆಸರಿನ ಜಾಗದಲ್ಲಿ ಅಂಗಡಿಯ ಹೆಸರೇ ಇರಲಿ. ಉತ್ತರ ಬರೆದರೆ ನಿಮಗೆ ತಲುಪುವ ವಿಳಾಸ ಇರಲಿ. ಡಬ್ಬಿಯ ಪಕ್ಕ ಹೇಳಿದ್ದನ್ನೇ ಇಲ್ಲಿ ಮತ್ತೆ ಹೇಳಿ, ಮುಂದಿನ ಮೇಲ್ ಯಾವ ದಿನ ಬರುತ್ತದೆ ಅಂತಲೂ ತಿಳಿಸಿ. ಕೂಪನ್ ಕೊಡುತ್ತೇವೆ ಅಂದಿದ್ದರೆ ಅದು ಮೊದಲ ಸಾಲಿನಲ್ಲೇ ಇರಲಿ, ಹುಡುಕಿಸಬೇಡಿ.

ಹಂತ 4: ಮೇಲ್ ಮೇಲೆ ಮೇಲ್ ಬೀಳದಂತೆ ನೋಡಿಕೊಳ್ಳಿ

ಬಹಳ ಜನರ ಮಾತು ತಪ್ಪುವುದು ಇಲ್ಲೇ. ಐದು ಮೇಲ್ ಅಂತ ಹೇಳಿರುತ್ತೀರಿ, ಅದು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಅಷ್ಟರಲ್ಲಿ ಪಂಚಮಿ ಬರುತ್ತದೆ. ಪಂಚಮಿಗೆ ಉಂಡಿ ಕಟ್ಟುವ ಮನೆಗಳಲ್ಲಿ ಹೊಸ ಸೀರೆಯ ಮಾತೂ ಇರುತ್ತದೆ, ಹಬ್ಬದ ಮೇಲ್ ಕಳಿಸದೆ ಇರಲು ಆಗುತ್ತದಾ? ಇಡೀ ಪಟ್ಟಿಗೆ ಒಂದು ಕಳಿಸುತ್ತೀರಿ. ಅವತ್ತೇ ಹೆಸರು ಕೊಟ್ಟವರಿಗೆ ಎರಡು ಹೋಗುತ್ತವೆ. ಸೀರೆ ಕೊಂಡಿದ್ದರಂತೂ ಆರ್ಡರ್ ಆಗಿದ್ದಕ್ಕೆ ಒಂದು, ಪಾರ್ಸೆಲ್ ಹೊರಟಿದ್ದಕ್ಕೆ ಇನ್ನೊಂದು.

ಮೇಲ್‌ಚಿಂಪ್, ಜೋಹೋ ಕ್ಯಾಂಪೇನ್ಸ್ ಥರದ ಇಮೇಲ್ ಕಳಿಸುವ ಸೇವೆಗಳಲ್ಲಿ ಗಿರಾಕಿಗಳ ಹೆಸರಿಗೆ ಟ್ಯಾಗ್ (ಗುರುತು) ಹಾಕಿ ಬೇರೆ ಬೇರೆ ಗುಂಪು ಮಾಡಬಹುದು. ಐದು ಮೇಲ್ ಮುಗಿಯದವರಿಗೆ ಒಂದು ಟ್ಯಾಗ್ ಇರಲಿ. ಹಬ್ಬದ ಮೇಲ್ ಕಳಿಸುವಾಗ ಅವರನ್ನು ಬಿಟ್ಟು ಕಳಿಸಿ. ನಡುವೆ ಸೀರೆ ಕೊಂಡವರನ್ನು ಸಾಲಿನಿಂದ ಹೊರಗೆ ತೆಗೆಯುವ ಏರ್ಪಾಡೂ ಮಾಡಿ. ಮೊನ್ನೆ ಪೂರ್ತಿ ಬೆಲೆಗೆ ಸೀರೆ ಕೊಂಡವರಿಗೆ ಇವತ್ತು ಅದೇ ಸೀರೆಯ ರಿಯಾಯಿತಿ ಮೇಲ್ ಹೋದರೆ ಬೈಗುಳ ಗ್ಯಾರಂಟಿ. ಎಲ್ಲ ಸರಿಯಾಗಿದೆಯಾ ಅಂತ ತಿಳಿಯಲು ನಿಮ್ಮದೇ ಇನ್ನೊಂದು ವಿಳಾಸ ಹಾಕಿ, ಎರಡು ವಾರ ಸುಮ್ನೆ ಗಿರಾಕಿಯಾಗಿ ಇದ್ದು ನೋಡಿ.

ಹಂತ 5: ಬಾಗಿಲು ತೆರೆದಿರಲಿ

ನಿಲ್ಲಿಸುವ ಲಿಂಕ್ ಎಲ್ಲ ಮೇಲ್‌ನಲ್ಲೂ ಇರಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಜಿಮೇಲ್ 2024ರಲ್ಲಿ ನಿಯಮ ಬಿಗಿ ಮಾಡಿತು: ಪ್ರಚಾರದ ಮೇಲ್‌ಗಳನ್ನು ಒಂದೇ ಕ್ಲಿಕ್‌ನಲ್ಲಿ ನಿಲ್ಲಿಸಲು ಆಗಬೇಕು, ಎರಡು ದಿನದಲ್ಲಿ ಅದು ಜಾರಿಯಾಗಬೇಕು, ಸ್ಪ್ಯಾಮ್ ದೂರು 0.3% ಮುಟ್ಟಬಾರದು. ಅಂದರೆ ಸಾವಿರ ಮೇಲ್‌ಗೆ ಮೂರು ದೂರು. ನಮ್ಮ ಸಣ್ಣ ಅಂಗಡಿಗಳು 5,000ದ ಹತ್ತಿರವೂ ಹೋಗುವುದಿಲ್ಲ, ನಿಜ. ಆದರೂ ದೂರು ಜಾಸ್ತಿಯಾದರೆ ನಿಮ್ಮ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತದೆ. ಕೇಳಿ ಹೆಸರು ಕೊಟ್ಟವರಿಗೂ ಅದು ಕಾಣುವುದಿಲ್ಲ.

‘ನಿಲ್ಲಿಸಿ’ ಅನ್ನುವುದರ ಪಕ್ಕ ‘ಹಬ್ಬಕ್ಕೆ ಮಾತ್ರ ಕಳಿಸಿ’ ಅಂತಲೂ ಒಂದು ಆಯ್ಕೆ ಕೊಡಿ.

ಹಂತ 6: ಮಾತು ಬದಲಾದರೆ ಮುಂಚೆ ತಿಳಿಸಿ

ತಿಂಗಳಿಗೊಂದು ಅಂದವರು ವಾರಕ್ಕೊಂದು ಕಳಿಸಬೇಕಾದರೆ ಮೊದಲು ಒಂದು ಮೇಲ್‌ನಲ್ಲಿ ಕೇಳಿ: ‘ದಸರಾದಿಂದ ದೀಪಾವಳಿವರೆಗೆ ವಾರಕ್ಕೊಂದು ಕಳಿಸುತ್ತೇವೆ. ಬೇಕು ಅನ್ನುವವರು ಇಲ್ಲಿ ಒತ್ತಿ.’ ಒತ್ತಿದವರಿಗೆ ಮಾತ್ರ ವಾರಕ್ಕೊಂದು. ಉಳಿದವರಿಗೆ ಹಳೆಯ ಲೆಕ್ಕವೇ. ‘ಇಷ್ಟು ಜನ ಮೇಲ್ ತೆರೆದಿದ್ದಾರೆ, ಅವರೆಲ್ಲ ಒಪ್ಪಿದಂತೆಯೇ’ ಅಂದುಕೊಳ್ಳಬೇಡಿ. ಐಫೋನ್‌ನ ಆಪಲ್ ಮೇಲ್ ಆ್ಯಪ್ 2021ರಿಂದ ಗಿರಾಕಿ ಓದದಿದ್ದರೂ ಮೇಲ್ ತೆರೆದಂತೆ ತೋರಿಸಬಹುದು. ಒತ್ತಿದ್ದು, ಉತ್ತರ ಬರೆದಿದ್ದು, ಕೊಂಡಿದ್ದು ಇವಿಷ್ಟೇ ನಂಬುವ ಲೆಕ್ಕ.