ನೇಮಕಾತಿ ಆದೇಶದ ನಂತರದ ಮೊದಲ ವರ್ಷ

ಸಾರ್ವಜನಿಕ ಶಾಲೆಯ ಮುಖ್ಯಶಿಕ್ಷಕರ ಹೊಣೆಯ ಜೊತೆಗೆ ಶಿಕ್ಷಕರ ಆಯ್ಕೆ ಸಮಿತಿಯ ಕೆಲಸವನ್ನೂ ನಾನು ಹಲವು ವರ್ಷ ನಿರ್ವಹಿಸಿದ್ದೇನೆ. 2030ರ ವೇಳೆಗೆ ಪ್ರಾಥಮಿಕ ಮತ್ತು ಪ್ರೌಢ ಹಂತಗಳಿಗೆ ಜಗತ್ತಿನಾದ್ಯಂತ ಇನ್ನೂ 4.4 ಕೋಟಿ ಶಿಕ್ಷಕರು ಬೇಕೆಂದು ಯುನೆಸ್ಕೊ ಅಂದಾಜಿಸಿದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬೇಕಾಗಿರುವುದು ವೃತ್ತಿ ಬಿಟ್ಟವರ ಸ್ಥಾನ ತುಂಬುವುದಕ್ಕೆ. ಆದ್ದರಿಂದ ಬಂದವರು ಉಳಿಯುವಂತೆ ನೋಡಿಕೊಳ್ಳುವುದನ್ನೂ ನಾನು ನೇಮಕಾತಿಯ ಭಾಗವೆಂದೇ ಭಾವಿಸಿ ಕೆಲಸ ಮಾಡಿದೆ.

ಆಯ್ಕೆಯಲ್ಲಿ ಅಂಕಪಟ್ಟಿ, ಸಂದರ್ಶನಗಳ ಜೊತೆಗೆ ನಿಜವಾದ ತರಗತಿಯಲ್ಲಿ ಒಂದು ಪಾಠ ಮಾಡಿಸುತ್ತಿದ್ದೆವು. ಪಾಠ ಮುಗಿದ ಮೇಲೆ ಮಕ್ಕಳ ನೋಟ್‌ಪುಸ್ತಕಗಳನ್ನು ಅಭ್ಯರ್ಥಿಯ ಮುಂದಿಟ್ಟು, ಯಾರಿಗೆ ಏನು ಅರ್ಥವಾಗಿಲ್ಲ, ನಾಳೆ ಎಲ್ಲಿಂದ ಆರಂಭಿಸುವಿರಿ ಎಂದು ಕೇಳುತ್ತಿದ್ದೆ. ನಿರರ್ಗಳವಾಗಿ ಮಾತನಾಡಿದವರು ಇಲ್ಲಿ ತಡವರಿಸಿದ್ದೂ ಉಂಟು, ಪಾಠದಲ್ಲಿ ಅಳುಕಿದವರು ಒಂದು ತಪ್ಪು ಲೆಕ್ಕದ ಹಿಂದಿನ ಮಗುವಿನ ಯೋಚನೆಯನ್ನು ಸರಿಯಾಗಿ ಗುರುತಿಸಿದ್ದೂ ಉಂಟು. ನನ್ನ ಒಲವು ಎರಡನೆಯವರ ಕಡೆಗೇ ಇತ್ತು.

ಸೇರಿದ ಮೇಲೆ ಎಲ್ಲವೂ ವೇಳಾಪಟ್ಟಿಯನ್ನು ಅವಲಂಬಿಸಿರುತ್ತದೆ. ಹಿರಿಯರು ತಮ್ಮ ತರಗತಿಗಳನ್ನು ಮೊದಲು ಆರಿಸಿಕೊಂಡರೆ, ಅತ್ಯಂತ ಕಷ್ಟದ ತರಗತಿಯೂ ಯಾರಿಗೂ ಬೇಡವಾದ ದಾಖಲೆ ಕೆಲಸವೂ ಹೊಸಬರ ಪಾಲಿಗೆ ಬರುತ್ತವೆ. ನಾನು ಈ ಕ್ರಮವನ್ನು ತಿರುಗಿಸಿ, ಹೊಸಬರ ಅವಧಿಗಳನ್ನೇ ಮೊದಲು ನಿಗದಿಪಡಿಸಿದೆ. ಅಸಮಾಧಾನ ವ್ಯಕ್ತವಾಯಿತು; ಹಿರಿಯರೊಂದಿಗೆ ಒಬ್ಬೊಬ್ಬರಾಗಿ ಮಾತನಾಡಬೇಕಾಯಿತು.

ಥಾಮಸ್ ಸ್ಮಿತ್ ಮತ್ತು ರಿಚರ್ಡ್ ಇಂಗರ್‌ಸೋಲ್ 2004ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ತಮ್ಮದೇ ವಿಷಯದ ಮಾರ್ಗದರ್ಶಕರೂ ಸಹೋದ್ಯೋಗಿಗಳೊಂದಿಗೆ ಪಾಠ ಯೋಜಿಸಲು ಸಮಯವೂ ದೊರೆತ ಹೊಸ ಶಿಕ್ಷಕರು ಶಾಲೆ ಬಿಡುವ ಸಾಧ್ಯತೆ ಕಡಿಮೆಯೆಂದು ಕಂಡುಬಂದಿತ್ತು. ಅದರಂತೆ ಗಣಿತದವರಿಗೆ ಗಣಿತದವರನ್ನೇ ಜೊತೆಮಾಡಿ, ಇಬ್ಬರಿಗೂ ಒಂದೇ ಬಿಡುವಿನ ಅವಧಿ ಇರುವಂತೆ ವೇಳಾಪಟ್ಟಿ ಹೊಂದಿಸಿದೆ. ಮಾರ್ಗದರ್ಶಕರು ತರಗತಿಯಲ್ಲಿ ಗಮನಿಸಿದ ಸಂಗತಿಗಳು ಕಾರ್ಯಮೌಲ್ಯಮಾಪನದ ಕಡತಕ್ಕೆ ಸೇರುವುದಿಲ್ಲವೆಂದು ಬರೆದುಕೊಟ್ಟಿದ್ದೆ. ಆ ಭರವಸೆ ಇಲ್ಲದಿದ್ದರೆ, ತನಗೆ ತರಗತಿ ಕೈಗೆ ಸಿಗುತ್ತಿಲ್ಲವೆಂದು ಯಾವ ಹೊಸ ಶಿಕ್ಷಕರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಾರ್ಗದರ್ಶನವನ್ನು ಹಿರಿಯರ ಸೌಜನ್ಯಕ್ಕೆ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಅದು ಕೆಲಸವೇ ಆದ್ದರಿಂದ, ಅದಕ್ಕೆ ತಗಲುವ ಸಮಯವನ್ನು ಅವರ ಬೋಧನಾ ಹೊರೆಯಿಂದ ಕಡಿತಗೊಳಿಸಬೇಕೆಂದು ಮೇಲಧಿಕಾರಿಗಳಿಗೆ ಲಿಖಿತವಾಗಿ ಕೇಳಿ, ವಾರಕ್ಕೆ ಎರಡು ಅವಧಿಗಳ ವಿನಾಯಿತಿಗೆ ಒಪ್ಪಿಗೆ ಪಡೆದೆ.